ತೋಟದ ಕೆರೆ ಏರಿ ಕಾಯುವುದು ಹೇಗೆ? ಕೊಡಗಿನ ಮಳೆಗೆ ಒಂದು ಸಮಗ್ರ ಮಾರ್ಗದರ್ಶಿ

ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವರಳಿಸುವ ಹೂ ಮಳೆ ಕೈಕೊಟ್ಟರೆ ರೊಬಸ್ಟಾ ತೋಟಕ್ಕೆ ಕೆರೆಯೇ ದಿಕ್ಕು. ಆಗ ದಿನಕ್ಕೆ ನಾಲ್ಕು ಸಲ ಕೆರೆ ಹತ್ತಿರ ಹೋಗುತ್ತೇವೆ. ನೀರು ಎಷ್ಟಿದೆ, ಪಂಪ್‌ಸೆಟ್ ಸರಿಯಿದೆಯಾ, ಬ್ಯಾಕಿಂಗ್‌ಗೆ, ಅಂದರೆ ಹೂವಾದ ಮೇಲೆ ಕೊಡುವ ಎರಡನೇ ನೀರಿಗೆ, ಸಾಕಾಗುತ್ತಾ ಅಂತ ನೋಡುತ್ತೇವೆ. ಜೂನ್ ಬಂದ ಮೇಲೆ ಅತ್ತ ಯಾರೂ ತಲೆ ಹಾಕುವುದಿಲ್ಲ. ಕೆರೆ ಅಪಾಯವಾಗುವುದು ಮಾತ್ರ ಆಗಲೇ.

2018ರ ಆಗಸ್ಟ್ ಮಳೆಯಲ್ಲಿ ನಮ್ಮ ಕೆರೆ ಏರಿ ಉಳಿದದ್ದು ಅರ್ಧ ಅಡಿಯಲ್ಲಿ. ಮೀನು ಹೊರಗೆ ಹೋಗಬಾರದು ಅಂತ ಹೆಚ್ಚಾದ ನೀರು ಹೊರಗೆ ಹೋಗುವ ಕೋಡಿಗೆ ಕಬ್ಬಿಣದ ಬಲೆ ಹಾಕಿದ್ದೆವು. ಸಿಲ್ವರ್ ಓಕ್ ಎಲೆ ಬಂದು ಬಲೆಗೆ ಮೆತ್ತಿಕೊಂಡಿತು. ಎಲೆ ಮೇಲೆ ಕೆಸರು ಕೂತಿತು. ಕೋಡಿ ಇದ್ದೂ ಇಲ್ಲದ ಹಾಗಾಯಿತು. ಬೆಳಗಿನ ಜಾವ ಟಾರ್ಚ್ ಹಿಡಿದು ಹೋದಾಗ ಏರಿಯ ತಲೆಗೂ ನೀರಿಗೂ ಒಂದು ಗೇಣು ಅಂತರ ಕೂಡ ಇರಲಿಲ್ಲ. ಕೆಳಗೆ ಕಾರ್ಮಿಕರ ಆರು ಲೈನ್ ಮನೆ, ಒಳಗೆ ಮಲಗಿದ್ದ ಮಕ್ಕಳು. ಇಬ್ಬರು ಸೇರಿ ಕತ್ತಿಯಿಂದ ಬಲೆ ಕಿತ್ತು ಹಾಕಿದೆವು. ಒಂದು ಗಂಟೆಯೊಳಗೆ ನೀರು ಒಂದಡಿ ಇಳಿಯಿತು. ಆ ಬಲೆಯನ್ನು ಮತ್ತೆ ಹಾಕಲಿಲ್ಲ. ಅವತ್ತಿನಿಂದ ಕಲಿತದ್ದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ನಮ್ಮ ಕೆರೆಯಲ್ಲಿ ಎಷ್ಟು ನೀರಿದೆ?

ಇಲ್ಲಿಂದಲೇ ಶುರು ಮಾಡಿ. ಅರ್ಧ ಎಕರೆ ಹರಡಿದ ಕೆರೆ, ಸರಾಸರಿ ಆಳ ಆರು ಅಡಿ ಅಂದರೆ ಸುಮಾರು 37 ಲಕ್ಷ ಲೀಟರ್ ನೀರು. ತೂಕದಲ್ಲಿ 3,700 ಟನ್. ಅದನ್ನು ಹಿಡಿದು ನಿಲ್ಲಿಸಿರುವುದು ಬರೀ ಮಣ್ಣು.

ಇನ್ನೊಂದು ಲೆಕ್ಕ. ನಾವೆಲ್ಲ ಮಳೆಯನ್ನು ಇಂಚು, ಸೆಂಟ್‌ನಲ್ಲೇ (ಸೆಂಟ್ ಅಂದರೆ ಇಂಚಿನ ನೂರರಲ್ಲೊಂದು ಭಾಗ) ಬರೆದಿಡುತ್ತೇವೆ ಅಲ್ವಾ? ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರ್‌ಗಿಂತ ಸ್ವಲ್ಪ ಜಾಸ್ತಿ. ಕೆರೆಗೆ ನೀರು ಬರುವ ಜಾಗ 50 ಎಕರೆ ಇದ್ದರೆ, ಒಂದು ಇಂಚಿಗೆ 50 ಲಕ್ಷ ಲೀಟರ್. ಅರ್ಧ ನೆಲಕ್ಕೆ ಇಂಗಿದರೂ 25 ಲಕ್ಷ ಕೆರೆಗೆ ಬರುತ್ತದೆ. ಅಂದರೆ ಖಾಲಿ ಕೆರೆ ತುಂಬಲು ಒಂದೂವರೆ ಇಂಚು ಸಾಕು. ಮಡಿಕೇರಿ, ಭಾಗಮಂಡಲ ಕಡೆ ಜುಲೈನಲ್ಲಿ ಒಂದೇ ದಿನಕ್ಕೆ ಅದರ ಎಷ್ಟೋ ಪಟ್ಟು ಬೀಳುವುದು ಹೊಸದೇನಲ್ಲ. ಅಷ್ಟೂ ನೀರು ಕೋಡಿಯಿಂದಲೇ ಹೋಗಬೇಕು. ಅದಕ್ಕೇ ಏರಿಗಿಂತ ಮೊದಲು ಕೋಡಿ ನೋಡಿ ಅನ್ನುತ್ತೇನೆ.

ಏರಿ ಒಡೆಯುವುದು ಹೇಗೆ?

ಮಣ್ಣಿನ ಏರಿಗಳು ಜಾಸ್ತಿ ಒಡೆಯುವುದು ಎರಡು ಕಾರಣಕ್ಕೆ. ಮೊದಲನೆಯದು, ನೀರು ಏರಿಯ ತಲೆ ಮೇಲೆ ಹತ್ತಿ ಹೊರಗೆ ಹರಿಯುವುದು. ಕಾಂಕ್ರೀಟ್ ಕಟ್ಟೆ ಇದನ್ನು ಸ್ವಲ್ಪ ಹೊತ್ತು ತಡೆದುಕೊಳ್ಳಬಹುದು. ಮಣ್ಣು ತಡೆಯುವುದಿಲ್ಲ. ಹೊರ ಇಳಿಜಾರನ್ನು ಕೊರೆದುಕೊಂಡು ನೀರು ಹಿಂದೆ ಹಿಂದೆ ಬರುತ್ತದೆ, ಆಮೇಲೆ ಬಾಯಿ ಬಿಡುತ್ತದೆ. ಗುಜರಾತಿನ ಮೋರ್ಬಿ ಹತ್ತಿರ ಮಚ್ಛು ಅಣೆಕಟ್ಟೆಯ ಮಣ್ಣಿನ ಭಾಗ 1979ರ ಆಗಸ್ಟ್ 11ರಂದು ಕೊಚ್ಚಿ ಹೋದದ್ದು ಹೀಗೆಯೇ.

ಎರಡನೆಯದು, ಒಳಗಿಂದ ಸೋರುವುದು. ಏಡಿ ಬಿಲ, ಕೊಳೆತ ಬೇರು, ಪೈಪಿನ ಸುತ್ತಲಿನ ಸಡಿಲ ಮಣ್ಣು, ಹೀಗೆ ಯಾವುದಾದರೂ ದಾರಿ ಹಿಡಿದು ನೀರು ಜಿನುಗುತ್ತದೆ. ಜಿನುಗುವಾಗ ಮಣ್ಣನ್ನೂ ಕಾಳು ಕಾಳಾಗಿ ಹೊತ್ತು ಹೋಗುತ್ತದೆ. ಕೊನೆಗೆ ಏರಿಯೊಳಗೆ ಕೊಳವೆಯಂಥ ದಾರಿಯಾಗುತ್ತದೆ. ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ.

ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟೆ 2019ರ ಜುಲೈ 2ರ ರಾತ್ರಿ ಒಡೆದು ಕೆಳಗಿನ ಊರು ಕೊಚ್ಚಿ ಹೋಯಿತು. ಸತ್ತವರು ಇಪ್ಪತ್ತಕ್ಕಿಂತ ಜಾಸ್ತಿ. ಸೋರುತ್ತಿದೆ ಅಂತ ಊರಿನವರು ಮೊದಲೇ ಹೇಳಿದ್ದರು. ಈ ಮಾತು ನನ್ನನ್ನು ಬಹಳ ಕಾಡುತ್ತದೆ. ಕಂಡಿತ್ತು, ಹೇಳಿಯೂ ಆಗಿತ್ತು. ಆದರೂ ಅಷ್ಟು ಜನ ಹೋದರು.

ಇಳಿಜಾರು ಕುಸಿಯುವುದು ಮೂರನೆಯ ಕಾರಣ. ಅದರ ಬಗ್ಗೆ ನೀರು ಇಳಿಸುವ ಕಡೆ ಹೇಳುತ್ತೇನೆ.

ನೋಡಿಕೊಳ್ಳಬೇಕಾದವರು ಯಾರು?

2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಬರುವುದು 15 ಮೀಟರ್‌ಗಿಂತ ಎತ್ತರದ ಕಟ್ಟೆಗಳಿಗೆ. 10ರಿಂದ 15 ಮೀಟರ್ ನಡುವೆ ಇದ್ದರೆ ಉದ್ದ, ನೀರಿನ ಪ್ರಮಾಣದಂಥ ಕೆಲವು ಷರತ್ತಿನ ಮೇಲೆ. ಹಾರಂಗಿ ಅದರೊಳಗೆ ಬರುತ್ತದೆ. ತೋಟದ ಹದಿನೈದು ಅಡಿ ಏರಿ ಬರುವುದಿಲ್ಲ. ಊರಿನ ಚಿಕ್ಕ ಕೆರೆಗಳು ಪಂಚಾಯಿತಿ ಕೈಯಲ್ಲಿ, ದೊಡ್ಡವು ಸಣ್ಣ ನೀರಾವರಿ ಇಲಾಖೆಯ ಕೈಯಲ್ಲಿ ಇರುತ್ತವೆ. ಖಾಸಗಿ ಕೆರೆಯನ್ನು ಮಾತ್ರ ಯಾವ ಎಂಜಿನಿಯರ್ ಕೂಡ ತಾನಾಗಿ ಬಂದು ನೋಡುವುದಿಲ್ಲ.

ಹಾಗಂತ ಹೊಣೆ ತಪ್ಪುವುದಿಲ್ಲ. ಒಬ್ಬ ತನ್ನ ಜಾಗದಲ್ಲಿ ಕೂಡಿಟ್ಟದ್ದು ತಪ್ಪಿಸಿಕೊಂಡು ಪಕ್ಕದವನಿಗೆ ಹಾನಿ ಮಾಡಿದರೆ ಹೊಣೆ ಕೂಡಿಟ್ಟವನದೇ ಅನ್ನುವ ಕಾನೂನಿನ ತತ್ವ ಬಂದದ್ದೇ ಒಂದು ಖಾಸಗಿ ಕೆರೆಯಿಂದ. ಇಂಗ್ಲೆಂಡಿನಲ್ಲಿ ಗಿರಣಿಯವರು ಕಟ್ಟಿಸಿದ ಕೆರೆಯ ನೀರು ಪಕ್ಕದ ಗಣಿಗೆ ನುಗ್ಗಿತ್ತು. ರೈಲಾಂಡ್ಸ್ ಮತ್ತು ಫ್ಲೆಚರ್ ನಡುವಿನ ಆ ಮೊಕದ್ದಮೆ 1868ರಲ್ಲಿ ಕೊನೆಯ ತೀರ್ಪು ಕಂಡಿತು. ನಮ್ಮ ಕೋರ್ಟುಗಳೂ ಅದನ್ನು ಬಳಸಿಕೊಂಡು ಬಂದಿವೆ.

ದೊಡ್ಡ ಕಟ್ಟೆಗಳಿಗೆ ಕಾಯ್ದೆ ಹೇಳುವ ಒಂದು ಅಭ್ಯಾಸವನ್ನು ನಾವು ಹಾಗೇ ತೆಗೆದುಕೊಳ್ಳಬಹುದು. ಮಳೆಗಾಲಕ್ಕೆ ಮೊದಲು ಒಂದು ಸಲ, ಮಳೆಗಾಲ ಮುಗಿದ ಮೇಲೆ ಒಂದು ಸಲ ಪೂರ್ತಿ ತಪಾಸಣೆ. ಈ ಕೆಲಸ ಯಾರದು ಅಂತ ಹೆಸರು ಹೇಳಿ ಒಬ್ಬರಿಗೆ ಒಪ್ಪಿಸಿ. ಅವರು ರಜೆ ಹೋದರೆ ಇನ್ನೊಬ್ಬರು. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ನೋಡುತ್ತಾರೆ ಅಂತ ನಾವು, ಸಾಹುಕಾರರು ನೋಡುತ್ತಾರೆ ಅಂತ ರೈಟರ್ ಅಂದುಕೊಂಡಿದ್ದರೆ ಯಾರೂ ನೋಡುವುದಿಲ್ಲ.

ಹೆಜ್ಜೆ 1: ಕೆಳಗೆ ನಡೆದು ಹೋಗಿ

ಏರಿಯಿಂದ ಶುರು ಮಾಡಿ ನೀರು ಹೋಗುವ ದಾರಿಯಲ್ಲೇ ಕೆಳಗೆ ನಡೆಯಿರಿ. ಒಂದು ಕಿಲೋಮೀಟರ್ ಆದರೂ ಹೋಗಿ. ಲೈನ್ ಮನೆ, ಪಕ್ಕದವರ ಗದ್ದೆ, ಮೋರಿ, ರಸ್ತೆ, ಅದರ ಕೆಳಗೆ ಇನ್ನೊಬ್ಬರ ಕೆರೆ, ಏನೇನು ಸಿಗುತ್ತದೆ ಬರೆದುಕೊಳ್ಳಿ. ಕೆಳಗೆ ಇನ್ನೊಂದು ಕೆರೆ ಇದ್ದರೆ ಜಾಸ್ತಿ ಎಚ್ಚರ ಬೇಕು. ಮೇಲಿನದು ಒಡೆದರೆ ಅದೂ ಒಡೆಯಬಹುದು.

ಕೆಳಗೆ ಜನ ಮಲಗುವ ಮನೆ ಇದ್ದರೆ ಒಂದು ಸಲ ಸಿವಿಲ್ ಎಂಜಿನಿಯರನ್ನು ಕರೆಸಿ ತೋರಿಸಿ. ಅದಕ್ಕೆ ಹೋಗುವ ದುಡ್ಡು ದಂಡವಲ್ಲ. ಕಡಿದಾದ ಬರೆಯನ್ನು (ಗುಡ್ಡದ ಇಳಿಜಾರನ್ನು) ಜೆಸಿಬಿಯಿಂದ ಕಡಿದು ಮಾಡಿದ ಕೆರೆಯಾದರೆ ಇನ್ನೂ ಮುಖ್ಯ. 2018ರಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆ, 2019ರಲ್ಲಿ ವಿರಾಜಪೇಟೆ ಕಡೆ ಗುಡ್ಡ ಜಾರಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕಡಿದ ಬರೆಯ ನೆತ್ತಿ ಮೇಲೆ ನೀರು ನಿಲ್ಲಿಸುವುದು ಒಳ್ಳೆಯದಲ್ಲ. ಅಂಥ ಕಡೆ ಹೊಸ ಕೆರೆ ಮಾಡಲೇಬೇಡಿ ಅನ್ನುವುದು ನನ್ನ ಮಾತು.

ಹೆಜ್ಜೆ 2: ಮೇ ತಿಂಗಳ ತಪಾಸಣೆ

ಮೊದಲು ಏರಿಯ ಹೊರ ಇಳಿಜಾರಿನ ಕಾಡು ಕಡಿಸಿ. ಲಾಂಟಾನ, ಕಮ್ಯುನಿಸ್ಟ್ ಗಿಡ ಬೆಳೆದು ಮುಚ್ಚಿದ್ದರೆ ಸೋರಿಕೆ ಕಾಣುವುದೇ ಇಲ್ಲ. ಬುಡಸಮೇತ ಕೀಳಬೇಡಿ, ನೆಲಮಟ್ಟಕ್ಕೆ ಸವರಿ. ಗರಿಕೆ ಇದ್ದರೆ ಹಾಗೇ ಬಿಡಿ. ಮಣ್ಣು ಹಿಡಿಯಲು ಅದರಷ್ಟು ಒಳ್ಳೆಯದು ಇಲ್ಲ.

ಆಮೇಲೆ ಏರಿಯ ತಲೆಮಟ್ಟ. ಗಾರೆಯವರ ಹತ್ತಿರ ಇರುವ ನೀರಿನ ಟ್ಯೂಬ್ ತನ್ನಿ. ಕೋಡಿಯ ಹೊಸ್ತಿಲಿನಿಂದ ಹಿಡಿದು ಏರಿಯ ಉದ್ದಕ್ಕೂ ಹತ್ತು ಅಡಿಗೊಂದು ಕಡೆ ಮಟ್ಟ ನೋಡಿ. ಕೋಡಿಯಲ್ಲಿ ನೀರು ಪೂರ್ತಿ ಹರಿಯುವಾಗಲೂ ಏರಿಯ ಅತಿ ತಗ್ಗಿನ ಜಾಗ ಆ ನೀರಿಗಿಂತ ಮೂರು ಅಡಿ ಮೇಲಿರಬೇಕು. ಕಣ್ಣಳತೆ ನಂಬಬೇಡಿ. ನಮ್ಮ ಏರಿ ಸರಿಯಾಗೇ ಇದೆ ಅಂದುಕೊಂಡಿದ್ದೆವು. ಟ್ಯೂಬ್ ಹಿಡಿದಾಗ ನಡುವೆ ಒಂದು ಕಡೆ ಒಂದೂಕಾಲು ಅಡಿ ತಗ್ಗಿತ್ತು.

ಆ ತಗ್ಗು ಮಾಡಿದ್ದು ಆನೆ. ಬೇಸಿಗೆಯಲ್ಲಿ ನೀರಿಗೆ ಬಂದವು ಏರಿ ದಾಟಿ ಒಂದೇ ಜಾಗದಲ್ಲಿ ಇಳಿಯುತ್ತಿದ್ದವು. ಹೆಜ್ಜೆ ಬಿದ್ದು ಬಿದ್ದು ಅಲ್ಲಿ ತೊಟ್ಟಿಲ ಹಾಗೆ ಕುಳಿಯಾಗಿತ್ತು. ನೀರು ಮೇಲೆ ಹತ್ತುವುದಾದರೆ ಮೊದಲು ಅಲ್ಲೇ. ಕುಳಿ ಮುಚ್ಚಿದೆವು. ಕೆರೆಯ ಇನ್ನೊಂದು ಬದಿಯಲ್ಲಿ, ಏರಿಯಿಂದ ದೂರ, ದಡವನ್ನು ಇಳಿಜಾರು ಮಾಡಿ ಆನೆ ಇಳಿಯಲು ಸುಲಭದ ದಾರಿ ಬಿಟ್ಟೆವು. ಈಗ ಅವು ಜಾಸ್ತಿ ಅತ್ತಲೇ ಇಳಿಯುತ್ತವೆ.

ಮರಗಳ ವಿಷಯ. ಏರಿ ಮೇಲೆ ಸಿಲ್ವರ್ ಓಕ್, ಹಾಲವಾಣ ನೆಟ್ಟು ಮೆಣಸು ಬಳ್ಳಿ ಹಬ್ಬಿಸಿದವರು ತುಂಬಾ ಜನ ಇದ್ದಾರೆ. ಬೇರು ಮಣ್ಣು ಹಿಡಿಯುತ್ತದೆ ಅನ್ನುವ ನಂಬಿಕೆ. ಮರ ಸತ್ತ ಮೇಲೆ ಬೇರು ಕೊಳೆತು ಏರಿಯೊಳಗೆ ಕೊಳವೆ ಉಳಿಯುತ್ತದೆ. ಗಾಳಿಗೆ ಬುಡಮೇಲಾದರೆ ಏರಿಯ ತುಂಡನ್ನೇ ಕಿತ್ತುಕೊಂಡು ಬೀಳುತ್ತದೆ. ಎಳೆ ಗಿಡ ಈಗಲೇ ತೆಗೆಯಿರಿ. ದೊಡ್ಡ ಮರವನ್ನು ಮಾತ್ರ ಕೆರೆ ತುಂಬಿರುವಾಗ ಮುಟ್ಟಬೇಡಿ. ನೀರು ಇಳಿದ ಮೇಲೆ ಕಡಿದು, ಬುಡ ಅಗೆದು, ಆ ಗುಂಡಿಗೆ ಒಳ್ಳೆ ಮಣ್ಣು ತುಂಬಿ ದಮ್ಮಸ್ಸು ಮಾಡಿ.

ಬಿಲಗಳನ್ನು ಹುಡುಕಿ. ಏಡಿ, ಹೆಗ್ಗಣ, ಮುಳ್ಳುಹಂದಿ, ಗೆದ್ದಲು ಎಲ್ಲವೂ ಏರಿಗೆ ಇಷ್ಟಪಟ್ಟು ಬರುತ್ತವೆ. ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನಲ್ಲಿ ಬರುವ ಕೊಡವ ತಿಂಗಳು) ಏಡಿ ಹಿಡಿಯಲು ಹೋಗುವವರು ಏರಿ ಅಗೆಯದ ಹಾಗೆ ಮೊದಲೇ ಹೇಳಿಡಿ. ಬಿಲದ ಬಾಯಿಗೆ ಸುಮ್ನೆ ಮಣ್ಣು ತುರುಕಿದರೆ ಪ್ರಯೋಜನವಿಲ್ಲ. ಅಗೆದು ಕೊನೆ ತನಕ ಹೋಗಿ ಜೇಡಿಮಣ್ಣು ಹಾಕಿ ಗುದ್ದಬೇಕು.

ಬಿರುಕು ಕಂಡರೆ ಅದು ಏರಿಯ ಉದ್ದಕ್ಕಿದೆಯಾ, ಅಡ್ಡಕ್ಕಿದೆಯಾ ನೋಡಿ. ಅಡ್ಡ ಬಿರುಕು ನೀರಿಗೆ ನೇರ ದಾರಿ, ಅದನ್ನು ಮಳೆಗೆ ಮೊದಲು ಮುಗಿಸಲೇಬೇಕು. ಉದ್ದ ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು ಅಂತರ ಅಳೆದಿಡಿ. ಅದು ಅಗಲವಾಗುತ್ತಿದ್ದರೆ ಇಳಿಜಾರು ಜಾರಲು ಶುರುವಾಗಿದೆ ಅಂತ ಅರ್ಥ.

ಕೊನೆಗೆ ತೂಬು, ಇಲ್ಲವೇ ಏರಿಯೊಳಗೆ ಹಾಕಿದ ಪೈಪ್. ಏರಿ ಕಟ್ಟಿದ ಮೇಲೆ ಕಾಲುವೆ ತೆಗೆದು ಪಿವಿಸಿ ಪೈಪ್ ಮಲಗಿಸಿ ಮಣ್ಣು ಮುಚ್ಚಿದ್ದರೆ, ಸೋರಿಕೆ ಶುರುವಾಗುವುದು ಅಲ್ಲಿಂದಲೇ. ಪೈಪಿನ ಹೊರಬಾಯಿ ಹತ್ತಿರ ಕೂತು ನೋಡಿ. ನೀರು ಪೈಪಿನೊಳಗಿಂದ ಬರುತ್ತಿದೆಯಾ, ಪೈಪಿನ ಸುತ್ತಲಿಂದ ಬರುತ್ತಿದೆಯಾ? ಸುತ್ತಲಿಂದ ಬರುತ್ತಿದ್ದರೆ ಆ ವರ್ಷ ಕೆರೆ ತುಂಬಿಸಬೇಡಿ.

ಹೆಜ್ಜೆ 3: ಕೋಡಿ ಸಾಕಾಗುತ್ತಾ?

ಒಂದು ಅಂದಾಜು ಲೆಕ್ಕ ಕೊಡುತ್ತೇನೆ. ನೀರು ಬರುವ ಜಾಗ 50 ಎಕರೆ, ಅಂದರೆ ಸುಮಾರು 20 ಹೆಕ್ಟೇರ್. ಗಂಟೆಗೆ 60 ಮಿಲಿಮೀಟರ್ ಹೊಡೆತದ ಮಳೆ ಅಂದುಕೊಳ್ಳಿ. ಜುಲೈನಲ್ಲಿ ನೆಲ ನೀರು ಕುಡಿದು ಸಾಕಾಗಿರುತ್ತದೆ, ಹಾಗಾಗಿ ಬಿದ್ದದ್ದರಲ್ಲಿ ನೂರಕ್ಕೆ 70 ಭಾಗ ಹರಿದು ಬರುತ್ತದೆ ಅಂತ ಹಿಡಿಯೋಣ. 0.7, 60, 20 ಈ ಮೂರನ್ನೂ ಗುಣಿಸಿ 360ರಿಂದ ಭಾಗಿಸಿ. ಸೆಕೆಂಡಿಗೆ 2.3 ಘನ ಮೀಟರ್ ಬಂತು. ಅಷ್ಟು ನೀರು ಕೋಡಿಯಲ್ಲಿ ಅರ್ಧ ಮೀಟರ್ ಆಳಕ್ಕೆ ಹರಿದು ಹೋಗಬೇಕಾದರೆ ಕೋಡಿ ಸುಮಾರು 4 ಮೀಟರ್, ಅಂದರೆ 13 ಅಡಿ ಅಗಲ ಇರಬೇಕು. ಎಷ್ಟೋ ತೋಟಗಳಲ್ಲಿ ಕೋಡಿ ಅಂದರೆ ಒಂದು ಸಿಮೆಂಟ್ ಪೈಪ್. ಲೆಕ್ಕ ಹಾಕಿದಾಗ ನನಗೆ ಭಯವಾಯಿತು. ಇದು ಬರೀ ಅಂದಾಜು, ಅಗಲ ಮಾಡುವ ಮೊದಲು ಎಂಜಿನಿಯರ್ ಹತ್ತಿರ ಸರಿ ನೋಡಿಸಿ.

ಕೋಡಿ ಏರಿಯ ಮೇಲೆ ಇರಬಾರದು. ಏರಿ ಮುಗಿದ ಮೇಲೆ ಸಿಗುವ ಗಟ್ಟಿ ನೆಲದಲ್ಲಿರಬೇಕು. ನೀರು ಬೀಳುವ ಕಡೆ ಕಲ್ಲು ಹಾಸಿ. ಆ ನೀರು ತಿರುಗಿ ಏರಿಯ ಬುಡಕ್ಕೆ ಬರದ ಹಾಗೆ ಚರಂಡಿಯನ್ನು ದೂರ ಒಯ್ಯಿರಿ. ಬಲೆ ಬೇಡ, ಮೀನು ಹೋದರೆ ಹೋಗಲಿ. ನೀರು ಜಾಸ್ತಿ ಸಿಗಲಿ ಅಂತ ಕೋಡಿಗೆ ಮರಳು ಚೀಲ ಇಟ್ಟು ಎತ್ತರಿಸುವ ಅಭ್ಯಾಸವಿದೆ. ಮಳೆಗಾಲದಲ್ಲಿ ಅದನ್ನು ಯಾವ ಕಾರಣಕ್ಕೂ ಮಾಡಬೇಡಿ.

ಹೆಜ್ಜೆ 4: ಮಳೆಗಾಲದ ಪಹರೆ

ಜೂನ್‌ನಿಂದ ಆಗಸ್ಟ್ ತನಕ ನೀರನ್ನು ಕೋಡಿಗಿಂತ ಎರಡು ಮೂರು ಅಡಿ ಕೆಳಗೇ ಇಟ್ಟುಕೊಳ್ಳಿ. ಆಮೇಲೆ ತುಂಬದಿದ್ದರೆ ಅನ್ನುವ ಭಯ ಸಹಜ. ಮಳೆ ಜಾಸ್ತಿ ಇರುವ ಕಡೆ ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೋಳ್ದ್ ಹಬ್ಬ ಕಳೆದ ಮೇಲೂ ಕೆರೆ ತುಂಬಿಕೊಳ್ಳಲು ಸಮಯವಿದೆ. ಕುಶಾಲನಗರದ ಒಣ ಭಾಗದಲ್ಲಿ ಮಳೆ ಕಡಿಮೆ, ಅಲ್ಲಿ ಅವರವರ ಮಳೆ ಪುಸ್ತಕ ನೋಡಿ ತೀರ್ಮಾನ ಮಾಡಬೇಕು.

ನೀರು ಇಳಿಸಲು ಸ್ಪ್ರಿಂಕ್ಲರ್‌ನ ಪೈಪ್, ಪಂಪ್‌ಸೆಟ್ ಮನೆಯಲ್ಲೇ ಇದೆ. ಪೈಪಿನಲ್ಲಿ ನೀರು ತುಂಬಿ ಏರಿ ಮೇಲಿಂದ ಹಾಯಿಸಿದರೆ ಡೀಸೆಲ್ ಇಲ್ಲದೆಯೂ ನೀರು ತಾನಾಗಿ ಎಳೆಯುತ್ತದೆ. ಸೆಕೆಂಡಿಗೆ 10 ಲೀಟರ್ ಹೋದರೂ ದಿನಕ್ಕೆ ಎಂಟೂವರೆ ಲಕ್ಷ ಲೀಟರ್ ಆಯಿತು. ಆದರೆ ಒಂದು ಇಂಚು ಮಳೆಗೇ 25 ಲಕ್ಷ ಬರುವ ಕೆರೆಗೆ ಇದು ಮಳೆಯ ದಿನ ಮಾಡುವ ಕೆಲಸವಲ್ಲ, ಮೊದಲೇ ಮಾಡಿಡುವ ಕೆಲಸ. ದಿನಕ್ಕೆ ಅರ್ಧದಿಂದ ಒಂದು ಅಡಿಗಿಂತ ಜಾಸ್ತಿ ಇಳಿಸಬೇಡಿ. ನೀರು ಕುಡಿದು ಭಾರವಾದ ಒಳ ಇಳಿಜಾರಿಗೆ ಕೆರೆಯ ನೀರೇ ಆಸರೆ. ಅದನ್ನು ಒಮ್ಮೆಲೇ ತೆಗೆದರೆ ಮಣ್ಣು ಜಾರುತ್ತದೆ.

ಕೆರೆಯಲ್ಲಿ ಅಡಿ, ಇಂಚು ಗುರುತು ಹಾಕಿದ ಒಂದು ಕಂಬ ನಿಲ್ಲಿಸಿ. ಮಳೆ ಪುಸ್ತಕದಲ್ಲಿ ಇಂಚು, ಸೆಂಟ್ ಬರೆಯುವ ಸಾಲಿನ ಪಕ್ಕದಲ್ಲೇ ಕೆರೆ ಮಟ್ಟವನ್ನೂ ಬರೆಯಿರಿ. ದಿನಕ್ಕೆ ಒಂದು ಸಲ ಏರಿ ಮೇಲೆ, ಒಂದು ಸಲ ಏರಿಯ ಕೆಳಗಿನ ಬುಡದಲ್ಲಿ ನಡೆಯಬೇಕು. ಜೋರು ಮಳೆಯಲ್ಲಿ ರಾತ್ರಿಯೂ. ಮೇಲೆ ಮಾತ್ರ ನಡೆದು ಬಂದರೆ ಅರ್ಧ ಕೆಲಸವೂ ಆಗಿಲ್ಲ.

ಬುಡದಲ್ಲಿ ಸ್ವಲ್ಪ ಒರತೆ ಇರುವುದು ಸಾಮಾನ್ಯ. ಮಣ್ಣಿನ ಏರಿ ಒಂದು ಹನಿಯೂ ಬಿಡದೆ ಇರುವುದಿಲ್ಲ. ಎರಡು ವಿಷಯ ತಿಳಿಯಬೇಕು: ನೀರು ಎಷ್ಟು, ಬಣ್ಣ ಏನು. ಒರತೆಯನ್ನು ಒಂದು ಸಣ್ಣ ಪೈಪಿಗೆ ಸೇರಿಸಿ, ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ಮೊಬೈಲ್‌ನಲ್ಲಿ ನೋಡಿ ಬರೆಯಿರಿ. ಆಮೇಲೆ ಗಾಜಿನ ಬಾಟಲಿಯಲ್ಲಿ ಆ ನೀರು ಹಿಡಿದು ಕಿಟಕಿಯಲ್ಲಿಡಿ. ನಮ್ಮ ಮನೆಯ ಕಿಟಕಿಯಲ್ಲಿ ಮಳೆಗಾಲವಿಡೀ ಅಂಥ ಬಾಟಲಿಗಳ ಸಾಲು, ಒಂದೊಂದರ ಮೇಲೂ ತಾರೀಕಿನ ಚೀಟಿ. ಬೆಳಿಗ್ಗೆ ತಳದಲ್ಲಿ ಕೆಂಪು ಮಣ್ಣು ಕೂತಿದ್ದರೆ ಏರಿ ಒಳಗೊಳಗೇ ಕರಗುತ್ತಿದೆ. ಕೆರೆ ಮಟ್ಟ ಏರದೆ ಬಕೆಟ್ ಬೇಗ ತುಂಬತೊಡಗಿದರೂ ಅದೇ ಅರ್ಥ.

ಹೆಜ್ಜೆ 5: ಅಪಾಯದ ಹೊತ್ತಿನಲ್ಲಿ

ಕೆಂಪು ನೀರು ಕಂಡ ತಕ್ಷಣ ಮೊದಲ ಕೆಲಸ ಕೆಳಗಿನವರನ್ನು ಎಬ್ಬಿಸಿ ಮೇಲಿನ ಜಾಗಕ್ಕೆ ಕಳಿಸುವುದು. ಏರಿ ಕೆಲಸ ಆಮೇಲೆ. ಈ ಸಾಲನ್ನು ತಿರುವುಮುರುವು ಮಾಡಬೇಡಿ.

ನಮ್ಮಲ್ಲಿ ಜೋರು ಮಳೆ ಅಂದರೆ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಫೋನ್ ನಂಬಿ ಕೂರುವ ಹಾಗಿಲ್ಲ. ವಿಸಲ್ ಇಲ್ಲವೇ ಬ್ಯಾಟರಿ ಸೈರನ್ ಇಡಿ. ಕೋವಿ ಬೇಡ, ಎರಡು ಗುಂಡಿನ ಸದ್ದಿಗೆ ಕೊಡಗಿನಲ್ಲಿ ಸಾವಿನ ಸುದ್ದಿ ಅನ್ನುವ ಅರ್ಥವಿದೆ. ಲೈನ್‌ನಲ್ಲಿ ಅಸ್ಸಾಂ ಕಡೆಯವರಿದ್ದರೆ ಅವರಿಗೆ ಅರ್ಥವಾಗುವ ಮಾತಿನಲ್ಲೇ ಹೇಳಿ, ಜೂನ್ ಮೊದಲ ವಾರ ಒಮ್ಮೆ ಎಲ್ಲರನ್ನೂ ಮೇಲಿನ ಜಾಗಕ್ಕೆ ಹೋಗುವ ದಾರಿಯಲ್ಲಿ ನಡೆಸಿ ತೋರಿಸಿ. ನೆಟ್‌ವರ್ಕ್ ಸಿಕ್ಕರೆ 1077ಕ್ಕೆ, ಇಲ್ಲವೇ 112ಕ್ಕೆ ತಿಳಿಸಿ. ಕೆಳಗಿನ ತೋಟದವರಿಗೂ ಹೇಳಬೇಕು. ನಾಚಿಕೆ ಬೇಡ.

ಜನ ಹೋದ ಮೇಲೆ, ನಿಲ್ಲಲು ಸುರಕ್ಷಿತ ಅನ್ನಿಸಿದರೆ ಮಾತ್ರ ಏರಿ ಹತ್ತಿರ ಹೋಗಿ. ಬುಡದಲ್ಲಿ ನೀರು ಅನ್ನ ಕುದಿಯುವ ಹಾಗೆ ಉಕ್ಕುತ್ತಿದ್ದು, ಸುತ್ತ ಇರುವೆ ಗೂಡಿನ ಬಾಯಿಯಂತೆ ಮಣ್ಣು ಕೂತಿದ್ದರೆ ಆ ಬಾಯಿಗೆ ಜೇಡಿಮಣ್ಣನ್ನೋ ಸಿಮೆಂಟನ್ನೋ ಹಾಕಿ ಮುಚ್ಚಬೇಡಿ. ಎಲ್ಲರೂ ಮಾಡುವ ತಪ್ಪು ಇದೇ. ಮುಚ್ಚಿದ ನೀರು ಪಕ್ಕದಲ್ಲಿ ಇನ್ನೂ ಜೋರಾಗಿ ಒಡೆಯುತ್ತದೆ. ನೀರು ಹೋಗಲಿ, ಮಣ್ಣು ನಿಲ್ಲಲಿ. ಮೊದಲು ಮರಳು, ಅದರ ಮೇಲೆ ಬೇಬಿ ಜೆಲ್ಲಿ, ಅದರ ಮೇಲೆ ದಪ್ಪ ಜೆಲ್ಲಿ, ಕೊನೆಗೆ ಕಲ್ಲು ಹೇರಿ. ಸುತ್ತ ಮರಳು ಚೀಲದ ಕಟ್ಟೆ ಕಟ್ಟಿ. ಇವೆಲ್ಲ ಒಂದೊಂದು ರಾಶಿ ಮೇ ತಿಂಗಳಲ್ಲೇ ಏರಿ ಹತ್ತಿರ ಬಿದ್ದಿರಬೇಕು. ಆಗಸ್ಟ್ ರಾತ್ರಿ ಟಿಪ್ಪರ್ ಬರುವುದಿಲ್ಲ.

ಮುಚ್ಚುವುದೇನಿದ್ದರೂ ಕೆರೆಯ ಒಳಗಡೆಯಿಂದ. ನೀರಿನಲ್ಲಿ ಸಣ್ಣ ಸುಳಿ ಕಂಡರೆ ಅದೇ ಬಾಯಿ. ದಡದಿಂದಲೇ ಟಾರ್ಪಾಲ್ ಇಳಿಬಿಟ್ಟು ಅದರ ಮೇಲೆ ಜೇಡಿಮಣ್ಣಿನ ಚೀಲ ಹಾಕಿ. ಯಾರೂ ನೀರಿಗೆ ಇಳಿಯಬಾರದು. ನೀರು ತಲೆಮಟ್ಟಕ್ಕೆ ಬರುತ್ತಿದ್ದರೆ ತಗ್ಗಿನ ಜಾಗಕ್ಕೆ ಮರಳು ಚೀಲ ಇಡಿ, ಕೋಡಿಯ ಕಸ ತೆಗೆಯಿರಿ. ನೀರು ಬಿಡಲು ಏರಿಯನ್ನೇ ಕಡಿಯುವ ಯೋಚನೆ ಬೇಡ. ಒಂದು ಅಡಿ ಕಡಿದದ್ದು ನೋಡನೋಡುತ್ತ ಹತ್ತು ಅಡಿಯಾಗುತ್ತದೆ.

ಹೆಜ್ಜೆ 6: ಪುತ್ತರಿ ಕಳೆದ ಮೇಲೆ

ರಿಪೇರಿಗೆ ಒಳ್ಳೆ ಕಾಲ ಹೂವಿಗೆ ನೀರು ಕೊಟ್ಟು ಕೆರೆ ಇಳಿದ ಮೇಲೆ, ಮುಂಗಾರು ಹಿಡಿಯುವ ಮೊದಲು. ಆದರೆ ಏನೇನು ಆಗಬೇಕು ಅನ್ನುವ ಪಟ್ಟಿಯನ್ನು ಪುತ್ತರಿ (ನವೆಂಬರ್-ಡಿಸೆಂಬರ್‌ನಲ್ಲಿ ಬರುವ ಕೊಡಗಿನ ಸುಗ್ಗಿ ಹಬ್ಬ) ಹೊತ್ತಿಗೇ ಮಾಡಿ. ಕಾಫಿ ಕುಯ್ಲು ಶುರುವಾದರೆ ಮರೆತುಹೋಗುತ್ತದೆ.

ಹಳೆ ಏರಿ ಮೇಲೆ ಹೊಸ ಮಣ್ಣು ಸುರಿಯುವ ಮೊದಲು ಹುಲ್ಲು ಕೆತ್ತಿ, ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ. ಇಲ್ಲದಿದ್ದರೆ ಹೊಸದು ಹಳೆಯದಕ್ಕೆ ಕಚ್ಚುವುದಿಲ್ಲ. ಮಣ್ಣನ್ನು ಕೈಯಲ್ಲಿ ಉಂಡೆ ಕಟ್ಟಿ ನೋಡಿ. ಕೈಗೆ ಅಂಟಿದರೆ ನೀರು ಜಾಸ್ತಿ, ಉಂಡೆಯೇ ಆಗದಿದ್ದರೆ ಕಡಿಮೆ. ಉಂಡೆಯಾಗಿ, ಬೀಳಿಸಿದಾಗ ಎರಡು ಮೂರು ಹೋಳಾದರೆ ಹದ. ಆರು ಇಂಚಿಗೊಂದು ಪದರ ಹಾಕಿ ದಮ್ಮಸ್ಸು ಮಾಡಿ, ಆಮೇಲೆ ಮುಂದಿನ ಪದರ. ಜೆಸಿಬಿ ಬಕೆಟ್‌ನಿಂದ ಮೇಲೆ ಮೇಲೆ ತಟ್ಟಿದ್ದು ದಮ್ಮಸ್ಸಲ್ಲ. ಎಷ್ಟೇ ಗುದ್ದಿದರೂ ಮಣ್ಣು ಮುಂದೆ ಸ್ವಲ್ಪ ಕುಸಿಯುತ್ತದೆ, ಅದಕ್ಕೆ ಹತ್ತು ಅಡಿ ಏರಿಗೆ ಅರ್ಧದಿಂದ ಒಂದು ಅಡಿ ಎತ್ತರ ಜಾಸ್ತಿಯೇ ಕೊಡಿ. ಹೊರ ಇಳಿಜಾರಿಗೆ ಗರಿಕೆ ಹೊದಿಸಿ, ಕೊರೆತ ಇರುವ ಕಡೆ ಲಾವಂಚ ನೆಡಿ.

ಕೆಲಸ ಮುಗಿದ ದಿನ ಮತ್ತೆ ಅದೇ ನೀರಿನ ಟ್ಯೂಬ್ ಹಿಡಿದು ತಲೆಮಟ್ಟ ಅಳೆಯಿರಿ. ಮಳೆ ಪುಸ್ತಕದ ಹಿಂದಿನ ಪುಟದಲ್ಲಿ ತಾರೀಕು, ಹತ್ತು ಅಡಿಗೊಂದು ಕಡೆ ಅಳೆದ ಮಟ್ಟ, ಅಳೆದವರ ಹೆಸರು ಬರೆದು ಸಹಿ ಹಾಕಿಸಿ. ಮುಂದಿನ ಮೇ ತಿಂಗಳಲ್ಲಿ ಹೋಲಿಸಿ ನೋಡಲು ಅದು ಬೇಕು.